ಹಳೇ ಹೊಲಿಗೆಯ ಹಳ್ಳ ಮತ್ತು ಒಂದು ಚೊಂಬು ಮಜ್ಜಿಗೆ

ಇಂಗ್ಲಿಷಿನಲ್ಲಿ ಅಚ್ಚಾದ ಸೂಚನೆಗಳನ್ನು ಓದಿ ಅದರಂತೆ ನಡೆಯುವ ವಿಷಯದಲ್ಲಿ ಹೊನ್ನಾವರ ತಾಲೂಕಿನಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಘಟ್ಟದ ಮೇಲಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದಿದವಳು, ಮುಂದೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಪ್ರೆಷರ್ ಕುಕ್ಕರಿನ ಪುಸ್ತಕ, ಹೊಲಿಗೆ ಯಂತ್ರದ ಪುಸ್ತಕ, ಟೆಲಿಫೋನಿನ ಪತ್ರ, ಎಲ್ಲವನ್ನೂ ನಮ್ಮ ಕೇರಿಯವರು ನನ್ನ ಹತ್ತಿರವೇ ತರುತ್ತಿದ್ದರು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಮೊದಲು ಇಡೀ ಪುಟವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಓದುವ ಅಗತ್ಯವೇನೂ ಇರಲಿಲ್ಲ. ಆದರೂ ಓದುತ್ತಿದ್ದೆ!

ಇಂಥ ನನ್ನ ಕೈಗೆ, ಕೊಂಕಣ ರೈಲು ಓಡಲು ಶುರುವಾಗಿ ಮೂರು-ನಾಲ್ಕು ವರ್ಷವಾಗಿದ್ದ ಕಾಲದಲ್ಲಿ, ಮಂಗಳೂರಿನ ಆಸ್ಪತ್ರೆಯವರು ಒಂದು ಪುಸ್ತಿಕೆ ಕೊಟ್ಟು ಕಳಿಸಿದರು. ಜೊತೆಗೆ ಒಂದು ಡಬ್ಬಿ ಚೀಲಗಳನ್ನೂ ಕೊಟ್ಟರು.

ಚೀಲದ ವಿಷಯ ಹೇಳಿಬಿಡುತ್ತೇನೆ. ನಾಚಿಕೆಪಡುವ ಕಾಲ ಮುಗಿದಿದೆ. ನನ್ನ ದೊಡ್ಡ ಕರುಳು ಕೈಕೊಟ್ಟಿತ್ತು. ಡಾಕ್ಟರು ಅದನ್ನು ತೆಗೆದುಹಾಕಿ, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಯಲ್ಲಿ ಒಂದು ತೂತು ಮಾಡಿ ಹೊರಗೆ ತಂದು ಹೊಲಿದಿದ್ದರು. ನೋಡಲು ಕೆಂಪು ಗುಲಾಬಿಯ ಮೊಗ್ಗಿನ ಹಾಗೆ ಇರುತ್ತದೆ. ಆದರೆ ಅದರಿಂದ ಬರುವುದು ಪರಿಮಳವಲ್ಲ! ಅದು ಹಗಲು ರಾತ್ರಿ ಎನ್ನದೆ, ಯಾರ ಅಪ್ಪಣೆಗೂ ಕಾಯದೆ ತನ್ನ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಅದರ ಸುತ್ತ ಅಂಟಿನ ಬಿಲ್ಲೆಯಿರುವ ಚೀಲವೊಂದನ್ನು ಚರ್ಮಕ್ಕೆ ಅಂಟಿಸಿಕೊಳ್ಳಬೇಕು. ಬಿಲ್ಲೆ ಸರಿಯಾಗಿ ಅಂಟಿದರೆ ನೀವು ಲೇಡಿ. ಅಂಟದಿದ್ದರೆ ಏನು ಎಂಬುದೇ ಈ ಕಥೆ.

ಪುಸ್ತಿಕೆಯನ್ನು ನಾನು ಮೂರು ಸಲ ಓದಿದೆ. ಎರಡನೇ ಪುಟದಲ್ಲಿ ತಪ್ಪಿಹೋಗಿದ್ದ ಒಂದು ಕಾಮಾವನ್ನು ಪೆನ್ಸಿಲಿನಿಂದ ಸರಿಮಾಡಿದೆ. "ಅಪ್ಲೈ ಟು ಕ್ಲೀನ್, ಡ್ರೈ ಸ್ಕಿನ್" ಎಂಬ ವಾಕ್ಯದ ಕೆಳಗೆ ಗೆರೆ ಎಳೆದೆ. ಪುಸ್ತಿಕೆಯನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಇಟ್ಟೆ. ಮೊದಲ ಚೀಲವನ್ನು ಅಂಟಿಸಿದೆ.

ನಾಲ್ಕು ಗಂಟೆಗಳ ಮೇಲೆ ಅದು ಸೋರಿತು.

ಎರಡನೆಯದು ಮೂರು ಗಂಟೆ ಬಾಳಿತು. ಮೂರನೆಯದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ನನ್ನ ಮಾನ ತೆಗೆಯಲು ಹೊರಟಿತ್ತು, ನಾನು ಸ್ಟಾಂಪು ಬಿಟ್ಟು ಓಡಿಬಂದೆ. ಹೀಗೆ ತಿಂಗಳುಗಳು ಕಳೆದವು. ಮನೆಯಿಂದ ಎರಡು ಗಂಟೆಗಿಂತ ಹೆಚ್ಚು ದೂರ ಹೋಗದವಳಾದೆ. ಊಟಕ್ಕೂ ಎಲ್ಲರ ಜೊತೆ ಕೂರಲಿಲ್ಲ, ಕೋಣೆಯಲ್ಲಿ ಒಬ್ಬಳೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆ. ನಮ್ಮ ಬೋರ್ಡಿಂಗಿನಲ್ಲಿ ಮದರ್ ಆಗ್ನೆಸ್ ಎಂಬವರಿದ್ದರು. ಊಟದ ಮೇಜಿನ ಸುತ್ತ ಬೆತ್ತ ಹಿಡಿದು ತಿರುಗುತ್ತ, "ಸಿಟ್ ಅಪ್ ಸ್ಟ್ರೇಟ್, ಗರ್ಲ್ಸ್. ಎ ಲೇಡಿ ನೆವರ್ ಸ್ಪಿಲ್ಸ್" ಎನ್ನುತ್ತಿದ್ದರು. ಲೇಡಿಯಾದವಳು ಎಂದೂ ಏನನ್ನೂ ಚೆಲ್ಲುವುದಿಲ್ಲ! ಆ ಪುಣ್ಯಾತ್ಮರು ತೀರಿಹೋಗಿ ಎಷ್ಟೋ ವರ್ಷವಾಗಿದೆ. ಬದುಕಿದ್ದರೆ ನನ್ನನ್ನು ನೋಡಿ ಇನ್ನೊಮ್ಮೆ ಸಾಯುತ್ತಿದ್ದರು.

ಸೋರುವುದರ ಕಾರಣವನ್ನು ಕಂಡುಹಿಡಿದವರು ನಮ್ಮ ಯಜಮಾನರು. ಅವರು ಪಿಡಬ್ಲ್ಯುಡಿಯಲ್ಲಿ ಓವರ್‌ಸೀಯರ್ ಆಗಿ ರಿಟೈರ್ ಆದವರು. ಕುಮಟೆಯಿಂದ ಭಟ್ಕಳದವರೆಗೆ ಅವರು ತೇಪೆ ಹಾಕದ ರಸ್ತೆಯಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಮಂಚದ ಮೇಲೆ ಮಲಗಿಸಿ, ಟಾರ್ಚು ಹಿಡಿದು, ಒಂದು ನೂಲನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ ಎಳೆದು, ಒಂದು ಕಣ್ಣು ಮುಚ್ಚಿ ನೋಡಿದರು.

"ಎಂತ ಕಾಣ್ತದೆ?" ಎಂದೆ.

"ಚರಂಡಿ" ಎಂದರು.

ಅವರು ಹೇಳಿದ್ದು ನನ್ನ ಹಳೇ ಹೊಲಿಗೆಯ ಗುರುತನ್ನು. ಹದಿನಾಲ್ಕನೇ ವಯಸ್ಸಿನಲ್ಲಿ ಬೋರ್ಡಿಂಗಿನಲ್ಲಿದ್ದಾಗ ನನಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಆ ಕಾಲದ ಹೊಲಿಗೆ, ಗೋಣಿಚೀಲಕ್ಕೆ ಹಾಕಿದ ಹಾಗೆ. ಬೆತ್ತದ ಮದರ್ ಆಗ್ನೆಸ್ ಒಂದು ವಾರ ನನ್ನ ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಕಸ್ಟರ್ಡ್ ತಿನ್ನಿಸಿದ್ದರು. ಒಂದು ಹನಿಯೂ ಚೆಲ್ಲಿರಲಿಲ್ಲ. ರಜೆಗೆ ಊರಿಗೆ ಬಂದಾಗ ನಮ್ಮಮ್ಮ ಆ ಗಾಯದ ಮೇಲೆ ತೆಂಗಿನೆಣ್ಣೆ ಸವರಿ, "ದಿನಾ ಸ್ನಾನ ಆದಮೇಲೆ ಒಂದು ಹನಿ ಹಚ್ಚು. ಇಲ್ಲದಿದ್ರೆ ಚರ್ಮ ಬಿಗೀತದೆ" ಎಂದಿದ್ದಳು. ಆ ಗುರುತು ಐವತ್ತು ವರ್ಷ ನನ್ನ ಜೊತೆ ಸುಮ್ಮನೆ ಇತ್ತು. ಈಗ ಡಾಕ್ಟರು ಅದರ ಪಕ್ಕದಲ್ಲೇ, ಎರಡು ಬೆರಳು ಅಂತರದಲ್ಲಿ, ಗುಲಾಬಿ ನೆಟ್ಟಿದ್ದರು. ಗುರುತು ಇರುವಲ್ಲಿ ಚರ್ಮ ಒಳಕ್ಕೆ ಎಳೆದುಕೊಂಡು ಹಳ್ಳವಾಗಿತ್ತು. ಬಿಲ್ಲೆ ಆ ಹಳ್ಳದ ಮೇಲೆ ಸೇತುವೆಯ ಹಾಗೆ ನಿಲ್ಲುತ್ತಿತ್ತು. ಸೇತುವೆಯ ಕೆಳಗೆ ಹೊಳೆ ಹರಿಯುತ್ತಿತ್ತು!

"ಬೇಸ್ ಲೆವೆಲ್ ಮಾಡದೆ ಡಾಂಬರು ಹಾಕಿದ್ರೆ ಹೀಂಗೇ ಆಗೋದು" ಎಂದರು ಯಜಮಾನರು. "ಮೊದಲು ಹಳ್ಳ ತುಂಬ್ಬೇಕು."

"ನನ್ನ ಹೊಟ್ಟೆ ಎಂತ ಗೇರುಸೊಪ್ಪೆ ರಸ್ತೆಯಾ?"

"ಆ ರಸ್ತೆಗೆ ಇಷ್ಟು ಹಠ ಇರಲಿಲ್ಲ" ಎಂದು ಟಾರ್ಚು ಆರಿಸಿದರು.

ಹಳ್ಳವನ್ನು ಏತರಿಂದ ತುಂಬಬೇಕು? ಪುಸ್ತಿಕೆಯಲ್ಲಿ ಯಾವುದೋ ಪೇಸ್ಟಿನ ಹೆಸರಿತ್ತು. ಹೊನ್ನಾವರದ ಔಷಧಿ ಅಂಗಡಿಯವರು ಆ ಹೆಸರನ್ನೇ ಕೇಳಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮಿಣಿ ಬೇಲಿಯ ಆಚೆಯಿಂದ ಒಳಗೆ ಬಂದಳು. ಅವಳ ಗಂಡ ಶರಾವತಿಯ ದಂಡೆಯಲ್ಲಿ ದೋಣಿ ರಿಪೇರಿ ಮಾಡುವವನು. ಅವಳ ಮಗಳು ಶಾರದೆ ಎಂಟು ವರ್ಷ ನನ್ನ ಜಗಲಿಯಲ್ಲಿ ಕೂತು ಇಂಗ್ಲಿಷ್ ಕಲಿತವಳು. ನನ್ನ ಚೀಲದ ಗುಟ್ಟು ಗೊತ್ತಿದ್ದದ್ದು ಈ ತಾಯಿ-ಮಗಳಿಗೆ ಮಾತ್ರ.

"ಟೀಚರ್ ಬಾಯಿ, ಇದಕ್ಕೆಲ್ಲ ಎಂತಕ್ಕೆ ತಲೆ ಕೆಡಿಸ್ಕೊಳ್ತ್ರಿ?" ಎಂದಳು. "ದೋಣಿ ಹಲಗೆ ಸಂದಿಗೆ ನಮ್ಮನೆಯವ್ರು ಹತ್ತಿ ತುರುಕ್ತಾರೆ. ಸಮುದ್ರಕ್ಕೆ ಹೋದ್ರೂ ಒಂದು ಹನಿ ನೀರು ಒಳಗೆ ಬರೂದಿಲ್ಲ. ನಿಮ್ಮದು ಎಷ್ಟು, ಬೆರಳುದ್ದದ ಸಂದಿ!"

ಯಜಮಾನರು ಇಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕೆ ಮಂಜೂರಾತಿ ನೀಡಿದರು. ಹತ್ತಿಯನ್ನು ಹೊಸೆದು ಹಳ್ಳಕ್ಕೆ ತುಂಬಿದೆವು. ಮೇಲೆ ಬಿಲ್ಲೆ ಅಂಟಿಸಿದೆವು. ಅದರ ಮೇಲೆ ಯಜಮಾನರು ತಮ್ಮ ಡ್ಯೂಟಿ ಕಾಲದ ಖಾಕಿ ಬೆಲ್ಟನ್ನು ಬಿಗಿದರು. ರುಕ್ಮಿಣಿ ಕೈ ಮುಗಿದು ನಿಂತಳು. ಹಡಗು ನೀರಿಗಿಳಿಸುವ ಶಾಸ್ತ್ರಕ್ಕೆ ಒಂದು ತೆಂಗಿನಕಾಯಿ ಮಾತ್ರ ಕಡಿಮೆ!

ಆದದ್ದು ಇಷ್ಟು. ದೋಣಿಯ ಹತ್ತಿಯ ಮೇಲೆ ರಾಳ ಬಳಿಯುತ್ತಾರೆ. ನನ್ನ ಹತ್ತಿಯ ಮೇಲೆ ಏನೂ ಇರಲಿಲ್ಲ. ಅದು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗಿನದನ್ನೆಲ್ಲ ಎಳೆದು ಬೆಲ್ಟಿಗೆ ದಾಟಿಸಿತು. ಬೆಲ್ಟು ಸೀರೆಗೆ ದಾಟಿಸಿತು. ಬೆಲ್ಟಿನ ಬಿಗಿಗೆ ಬಿಲ್ಲೆಯ ಇನ್ನೊಂದು ಅಂಚೂ ಎದ್ದು ನಿಂತಿತ್ತು. ಮೊದಲು ಒಂದೇ ಕಡೆ ಸೋರುತ್ತಿದ್ದ ನಾನು ಈಗ ಎರಡು ಕಡೆ ಸೋರತೊಡಗಿದೆ. ಪ್ರಗತಿ!

ಇದೇ ದಿನಗಳಲ್ಲಿ ಶಾರದೆಯ ಮದುವೆ ನಿಶ್ಚಯವಾಯಿತು. ಹುಡುಗ ಕಾಗಾಲದವನು, ಬ್ಯಾಂಕಿನಲ್ಲಿ ಕ್ಲರ್ಕು. ಶಾರದೆ ಕರೆಯಲು ಬಂದವಳು ನನ್ನ ಕೋಣೆಯೊಳಗೆ ಬಂದು ಬಾಗಿಲು ಮುಂದೆ ಮಾಡಿ ಹೇಳಿದಳು. "ಟೀಚರ್, ಮದುವೆ ದಿನ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ನಿಮ್ಮದು. ಅಮ್ಮಂಗೂ ಹೇಳಿದ್ದೇನೆ. ನೀವು ಇಲ್ಲಿ ಒಬ್ಬರೇ ಉಣ್ಣೋದು ನಂಗೆ ಗೊತ್ತಿದೆ. ಆವತ್ತೂ ಹಾಂಗೇ ಮಾಡಿದ್ರೆ ನಾ ಊಟಕ್ಕೆ ಕೂರೂದಿಲ್ಲ."

"ಶಾರದಾ, ಡೋಂಟ್ ಬಿ ಸಿಲ್ಲಿ."

"ಐ ಆ್ಯಮ್ ನಾಟ್ ಸಿಲ್ಲಿ, ಟೀಚರ್. ಐ ಆ್ಯಮ್ ಸೀರಿಯಸ್" ಎಂದಳು. ಉಚ್ಚಾರ ನಾನು ಕಲಿಸಿದ್ದೇ. ಬರುತ್ತೇನೆ ಎಂದು ಒಪ್ಪಿಕೊಂಡೆ.

ಹೊರಡುವಾಗ, ಮಗಳ ಜೊತೆ ಬಂದು ಜಗಲಿಯಲ್ಲಿ ಕಾದಿದ್ದ ರುಕ್ಮಿಣಿ ಇನ್ನೊಂದು ಮಾತು ಸೇರಿಸಿದಳು. "ಹುಡುಗನ ಸೋದರತ್ತೆ ನಾಗವೇಣಿ ಅಂತ, ಮಂಗಳೂರು ಕಡೆ ಆಪರೇಷನ್ ವಾರ್ಡಲ್ಲಿ ನರ್ಸು. ಅವ್ಳಿಗೆ ಒಂದು ಮಾತು ಕೇಳಲಾ?"

"ಇಂಗ್ಲಿಷ್ ಬರ್ತದಾ ಅವಳಿಗೆ?" ಎಂದೆ ನಾನು.

"ಇಲ್ಲಪ್ಪ. ಕನ್ನಡ ಶಾಲೆ."

"ಹಾಗಾದ್ರೆ ಬೇಡ" ಎಂದೆ. "ಪುಸ್ತಿಕೆಯೇ ಓದಲಿಕ್ಕೆ ಬರದವಳು ಏನು ಹೇಳ್ತಾಳೆ!"

ಈ ವಾಕ್ಯವನ್ನು ನಾನು ಇಂದಿಗೂ ದಿನಕ್ಕೊಮ್ಮೆ ನೆನಪಿಸಿಕೊಳ್ಳುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು.

ಮದುವೆಗೆ ಮೂರು ವಾರವಿತ್ತು. ಭಟ್ಕಳದಲ್ಲಿ ಒಂದು ಅಂಗಡಿಗೆ ದುಬೈ ಸಾಮಾನು ಬರುತ್ತದೆ, ಅಲ್ಲಿ ಸಿಗದ ವಸ್ತುವಿಲ್ಲ ಎಂದು ಯಜಮಾನರಿಗೆ ಯಾರೋ ಹೇಳಿದ್ದರು. ಬಸ್ಸು ಹತ್ತಿದೆವು. ಅಂಗಡಿಯ ಬಾಗಿಲಲ್ಲಿ ನಾನು ಯಜಮಾನರನ್ನು ತಡೆದೆ. ಅವರಿಗೆ ರಸ್ತೆ ಕೆಲಸದವರನ್ನು ಕೂಗಿ ಕರೆದ ಗಂಟಲು. ಅವರು "ಹೊಟ್ಟೆ", "ತೂತು", "ಚರಂಡಿ" ಎಂಬ ಮೂರು ಶಬ್ದಗಳನ್ನು ಆ ಗಂಟಲಿನಲ್ಲಿ ಹೇಳಿದರೆ ಇಡೀ ಪೇಟೆಗೆ ಕೇಳುತ್ತದೆ. "ನೀವು ಹೊರಗೆ ಕೊಡೆ ನೋಡ್ತಾ ಇರಿ" ಎಂದು ನಿಲ್ಲಿಸಿ, ಒಳಗೆ ಹೋದೆ.

ಅತ್ತರು, ಬಿಸ್ಕತ್ತು, ಟಾರ್ಚು, ಕಂಬಳಿಗಳ ನಡುವೆ ಬಿಳಿ ಟೊಪ್ಪಿಯ ಅಂಗಡಿಯವನು ಬಹಳ ಮರ್ಯಾದೆಯಿಂದ ಸ್ಟೂಲು ಕೊಟ್ಟ. ನಾನು ಧ್ವನಿ ತಗ್ಗಿಸಿ, "ಅಂಟಿಸುವ ಪೇಸ್ಟ್ ಬೇಕಿತ್ತು. ದೇಹಕ್ಕೆ. ವಯಸ್ಸಾದ ಒಬ್ಬ ಲೇಡಿಗೆ" ಎಂದೆ.

ಅವನ ಮುಖ ಅರಳಿತು. "ಗೊತ್ತಾಯ್ತು ಅಮ್ಮಾ! ಹೇಳ್ಲಿಕ್ಕೆ ಶರಮ್ ಆಗ್ತದೆ ಎಲ್ಲರಿಗೂ. ನಮ್ಮ ದಾದಿ ಸಹ ಇದೇ ಹಚ್ಚೋದು. ಬೆಳಿಗ್ಗೆ ಹಚ್ಚಿದ್ರೆ ಸಂಜೆ ತನಕ ಏಕ್‌ದಮ್ ಗಟ್ಟಿ."

ದಾದಿ ಎಂದರೆ ಅವನ ಅಜ್ಜಿ. ನನ್ನ ಕಣ್ಣಲ್ಲಿ ನೀರು ಬಂತು. ಭಟ್ಕಳದಲ್ಲಿ ನನಗೊಬ್ಬ ಸಹೋದರಿ! "ಅವರಿಗೂ ಆಪರೇಷನ್ ಆಗಿದೆಯಾ?"

"ಆಪರೇಷನ್ ಎಂತದು ಅಮ್ಮಾ. ಉಮರಿಗೆ, ವಯಸ್ಸಿಗೆ ಬಂದದ್ದು. ಮೊದಲು ಮೇಲಿಂದು ಹೋಯ್ತು, ಆಮೇಲೆ ಕೆಳಗಿಂದು."

"ಪಾಪ! ಊಟ?"

"ಈ ಪೇಸ್ಟ್ ಹಚ್ಚಿ ಮಟನ್ ಸಹ ತಿಂತಾರೆ!"

ನನಗೆ ಭರವಸೆ ಉಕ್ಕಿತು. ಎರಡು ಟ್ಯೂಬು ಕೊಡು ಎಂದೆ. ಇಂಗ್ಲಿಷ್ ಸೂಚನೆ ಓದುವುದರಲ್ಲಿ ತಾಲೂಕಿಗೇ ಮೊದಲಿಗಳಾದ ನಾನು, ಅಂಗಡಿಯಲ್ಲಿ ಕನ್ನಡಕ ಏರಿಸಿ ಓದಲು ಕೂತರೆ ಪೇಸ್ಟು ನನಗೇ ಎಂದು ಗೊತ್ತಾದೀತು ಎಂಬ ಹೆದರಿಕೆಯಿಂದ ಟ್ಯೂಬಿನ ಮೇಲಿದ್ದದ್ದನ್ನು ಓದಲಿಲ್ಲ. ಮನೆಗೆ ಬಂದು ಓದಿದೆ.

ಕೃತಕ ದಂತಪಂಕ್ತಿಗಳನ್ನು ವಸಡಿಗೆ ಅಂಟಿಸುವ ಪೇಸ್ಟು ಅದು!

"ಅಂಟಿದ್ರೆ ಸಾಕಲ್ಲ" ಎಂದರು ಯಜಮಾನರು. ಆಸೆ ನೋಡಿ, ಪ್ರಯತ್ನವನ್ನೂ ಮಾಡಿದೆ. ಹೊಟ್ಟೆಯಿಂದ ಪುದೀನಾ ಪರಿಮಳ ಬಂತು. ಒಂದು ಗಂಟೆಯಲ್ಲಿ ಪೇಸ್ಟು ಗಂಜಿಯಾಗಿ, ಬಿಲ್ಲೆ ಅದರ ಮೇಲೆ ತೆಪ್ಪದ ಹಾಗೆ ತೇಲುತ್ತಿತ್ತು. ಮರುದಿನದಿಂದ ಎರಡೂ ಟ್ಯೂಬುಗಳನ್ನು ಯಜಮಾನರು ತಮ್ಮ ಹಲ್ಲಿನ ಸೆಟ್ಟಿಗೆ ಬಳಸಲು ಶುರುಮಾಡಿದರು. ಹತ್ತು ವರ್ಷದಿಂದ ಮಾತಾಡಿದಾಗಲೆಲ್ಲ ಟಕಟಕ ಎನ್ನುತ್ತಿದ್ದ ಹಲ್ಲು ಒಮ್ಮೆಲೇ ಮೌನವಾಯಿತು. ನನ್ನ ಕಾಯಿಲೆಯಿಂದ ಲಾಭವಾದದ್ದು ಅವರೊಬ್ಬರಿಗೇ.

ಮದುವೆಯ ದಿನ ಬಂತು. ಆವತ್ತು ನಾನು ಯಾವ ಅಪಾಯಕ್ಕೂ ಅವಕಾಶ ಕೊಡಬಾರದೆಂದು ನಿರ್ಧರಿಸಿದ್ದೆ. ಬೆಳಿಗ್ಗೆ ಎದ್ದು ಬಿಸಿನೀರಿನ ಸ್ನಾನ ಮಾಡಿದೆ. ಹಳೇ ಹೊಲಿಗೆ ಮೆತ್ತಗಿದ್ದಷ್ಟೂ ಒಳ್ಳೆಯದೆಂದು ದಿನಕ್ಕಿಂತ ಎರಡು ಹನಿ ಹೆಚ್ಚು ತೆಂಗಿನೆಣ್ಣೆ ಸವರಿದೆ. ಎಣ್ಣೆ ಜಾರದಿರಲೆಂದು ಪೌಡರು ಉದುರಿಸಿದೆ. ಮಂಚದ ಮೇಲೆ ಸಪಾಟಾಗಿ ಮಲಗಿ, ಚರ್ಮ ಸುಕ್ಕಿಲ್ಲದೆ ಹಿಗ್ಗಿರುವಾಗ ಹೊಸ ಬಿಲ್ಲೆ ಅಂಟಿಸಿದೆ. ಎದ್ದು ನಿಂತೆ. ಭದ್ರ! ಕೋಣೆಯಲ್ಲಿ ಹತ್ತು ಸುತ್ತು ನಡೆದೆ. ಭದ್ರ! ಬೀರುವಿನಿಂದ ಹಸಿರು ಮೈಸೂರು ಸಿಲ್ಕ್ ತೆಗೆದು ಉಟ್ಟೆ. ಕನ್ನಡಿಯಲ್ಲಿ ಸಾಕ್ಷಾತ್ ಲೇಡಿ.

ಯಜಮಾನರು ತಮ್ಮ ಕೈಚೀಲದಲ್ಲಿ ಎರಡು ಹೊಸ ಬಿಲ್ಲೆ-ಚೀಲ, ಕತ್ತರಿ ಇಟ್ಟುಕೊಂಡರು. "ಸೈಟಿನಲ್ಲಿ ಮೆಟೀರಿಯಲ್ ಇರ್ಬೇಕು" ಎಂದರು. ನನ್ನ ಮೇಲೆ ಇಷ್ಟು ಅಪನಂಬಿಕೆಯೇ ಎಂದು ಸಿಟ್ಟು ಬಂತು.

ಮದುವೆ ರುಕ್ಮಿಣಿಯ ಅಂಗಳದ ಚಪ್ಪರದಲ್ಲೇ. ಧಾರೆ ಮುಗಿಯುವವರೆಗೆ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂತಿದ್ದೆ. ಏನೂ ಆಗಲಿಲ್ಲ. ಪಂಕ್ತಿ ಹಾಕಿದರು. ಉದ್ದಕ್ಕೆ ಚಾಪೆ, ಮುಂದೆ ಬಾಳೆಲೆ. ಮಧ್ಯದಲ್ಲಿ ಮದುಮಕ್ಕಳು. ಶಾರದೆ ತನ್ನ ಎಡಗಡೆಯ ಎಲೆಯನ್ನು ತೋರಿಸಿ ನನ್ನನ್ನು ನೋಡಿದಳು. ಹೋಗಿ, ಕಾಲು ಮಡಿಚಿ, ಚಾಪೆಯ ಮೇಲೆ ಕೂತೆ.

ಮಲಗಿದಾಗ ಸಪಾಟಾದ ಹೊಟ್ಟೆ, ಕೂತಾಗ ಮಡಿಚುತ್ತದೆ. ಇದನ್ನು ತಿಳಿಯಲು ಪುಸ್ತಿಕೆ ಬೇಡ. ಅರವತ್ತೈದು ವರ್ಷ ಅದೇ ಹೊಟ್ಟೆಯ ಜೊತೆ ಬಾಳಿದವಳಿಗೆ ತಿಳಿದಿರಬೇಕಿತ್ತು! ಬೆಳಗಿನ ಸರ್ವೆಯಲ್ಲಿ ಹಳ್ಳವಿದ್ದ ಜಾಗದಲ್ಲಿ ಈಗ ಕಣಿವೆಯಿತ್ತು. ಅನ್ನ, ಸಾರು, ಹುಳಿ ಎಲ್ಲ ಸುಖವಾಗಿ ಮುಗಿದವು. ಎದುರು ಸಾಲಿನಲ್ಲಿ ಯಜಮಾನರು ತಮ್ಮ ಮೌನವ್ರತದ ಹಲ್ಲಿನಿಂದ ಚಕ್ಕುಲಿ ಕಡಿಯುತ್ತಿದ್ದರು. ಪಾಯಸಕ್ಕೆ ಬಗ್ಗಿದೆ. ಬಿಲ್ಲೆಯ ಅಂಚು ಎಣ್ಣೆಯ ಮೇಲೆ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಜಾರಿತು.

ಬೆಚ್ಚಗೆ ಇಳಿಯುವುದು ಗೊತ್ತಾಯಿತು. ಸೆರಗಿನ ಒಳಗೆ ಎಡಗೈಯಿಂದ ಒತ್ತಿ ಹಿಡಿದೆ. ಎದ್ದುಹೋಗುವ ಹಾಗಿಲ್ಲ. ನಮ್ಮಲ್ಲಿ ಪಂಕ್ತಿ ಎಂದರೆ ಪಂಕ್ತಿ. ಮಜ್ಜಿಗೆ ಮುಗಿಯದೆ ಯಾರೊಬ್ಬರೂ ಏಳುವುದಿಲ್ಲ. ಎದ್ದರೆ ಅರವತ್ತು ಜನ ನಿಮ್ಮನ್ನೇ ನೋಡುತ್ತಾರೆ. ನಾನು ಎದ್ದರೆ ನನ್ನ ಹಸಿರು ಸಿಲ್ಕಿನ ಮೇಲಿನ ನಕಾಶೆಯನ್ನೂ ನೋಡುತ್ತಾರೆ. ಪಕ್ಕದಲ್ಲಿ ಮದುಮಗಳು. ಮಲ್ಲಿಗೆಯ ಪರಿಮಳದ ನಡುವೆ ಇನ್ನೊಂದು ವಾಸನೆ ತಲೆಯೆತ್ತಲು ಎಷ್ಟು ಹೊತ್ತು ಬೇಕು? ಅವಳ ಜೀವನದ ದೊಡ್ಡ ದಿನ. ಅದನ್ನು ನಾನು ಹೊಲಸು ಮಾಡುತ್ತಿದ್ದೇನೆ. ನನ್ನ ಕೋಣೆ, ನನ್ನ ಒಂಟಿ ತಟ್ಟೆ, ಅಲ್ಲೇ ಇದ್ದಿದ್ದರೆ ಆಗುತ್ತಿತ್ತು ಅನ್ನಿಸಿತು.

ಆಗ ರುಕ್ಮಿಣಿ ಮಜ್ಜಿಗೆ ಚೊಂಬು ಹಿಡಿದು ಸಾಲಿನಲ್ಲಿ ಬರುತ್ತಿದ್ದಳು. ನನ್ನ ಮುಖ ನೋಡಿದಳು. ಸೆರಗಿನೊಳಗಿನ ಕೈ ನೋಡಿದಳು. ಒಂದು ಕ್ಷಣ ನಿಂತಳು.

ಮರುಕ್ಷಣ ಇಡೀ ಚೊಂಬು ಮಜ್ಜಿಗೆ ನನ್ನ ಮಡಿಲಲ್ಲಿತ್ತು!

"ಅಯ್ಯೋ ದೇವಾ!" ಎಂದು ಅವಳು ಚಪ್ಪರ ಹಾರುವ ಹಾಗೆ ಕೂಗಿದಳು. "ಟೀಚರ್ ಬಾಯಿ ಚೊಂಬಿಗೆ ಕೈ ತಾಗಿಸಿಬಿಟ್ರಲ್ಲ! ಎಂತ ಕೆಲಸ ಮಾಡ್ಕೊಂಡ್ರಿ! ಏಳಿ ಏಳಿ, ರೇಶ್ಮೆ ಸೀರೆ! ಒಳಗೆ ಬನ್ನಿ!"

ಚೆಲ್ಲಿದ್ದು ಅವಳು. ತಪ್ಪು ನನ್ನದು! ಇಂಗು-ಕೊತ್ತಂಬರಿಯ ಆ ಮಜ್ಜಿಗೆ ಎಲ್ಲ ಕಲೆಗಳನ್ನೂ ಎಲ್ಲ ವಾಸನೆಗಳನ್ನೂ ಒಂದೇ ಹೊಡೆತಕ್ಕೆ ನುಂಗಿತ್ತು. ನನ್ನನ್ನು ಎಳೆದುಕೊಂಡು ಹಿತ್ತಲ ಕೋಣೆಗೆ ಹೋಗುತ್ತ ಅವಳು ಕಿವಿಯಲ್ಲಿ, "ಸಿಟ್ಟಾಗ್ಬೇಡಿ ಬಾಯಿ. ಬೇರೆ ಎಂತದೂ ಹೊಳೀಲಿಲ್ಲ" ಎಂದಳು. ಹಿಂದೆಯೇ ಯಾರೋ ಮುದುಕಿ ಹೇಳಿದ್ದೂ ಕೇಳಿಸಿತು. "ಕುರ್ಚಿ ಮೇಜಿನಲ್ಲಿ ಉಂಡವ್ರು ಮಾರಾಯ್ತಿ. ನೆಲದಲ್ಲಿ ಕೂತು ಉಣ್ಣೂಕೆ ಎಲ್ಲಿ ಬತ್ತದೆ!"

ಹಿತ್ತಲ ಕೋಣೆಗೆ ರುಕ್ಮಿಣಿ ನನ್ನ ಒಪ್ಪಿಗೆ ಕೇಳದೆ ಒಬ್ಬ ಹೆಂಗಸನ್ನು ಕರೆತಂದಳು. ಕಾಗಾಲದ ನಾಗವೇಣಿ. ಕುಳ್ಳಗೆ, ದಪ್ಪಗೆ, ತಲೆತುಂಬ ಅಬ್ಬಲಿಗೆ ಹೂ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೇ ಬಿಲ್ಲೆ ತೆಗೆದು, ಬೆಚ್ಚಗಿನ ನೀರಿನಲ್ಲಿ ಒರೆಸಿದಳು. ಒರೆಸುತ್ತಿದ್ದ ಬೆರಳು ನಿಂತಿತು. ಬೆರಳನ್ನು ಮೂಸಿ ನೋಡಿದಳು.

"ಇದೆಂತ? ಎಣ್ಣೆ?"

"ತೆಂಗಿನೆಣ್ಣೆ. ಒಂದೇ ಒಂದು ಹನಿ. ನಮ್ಮಮ್ಮ ಹೇಳಿದ್ದು. ಐವತ್ತು ವರ್ಷದಿಂದ ದಿನಾ ಹಚ್ತೇನೆ."

"ಅದರ ಮೇಲೆ ಪೌಡರು?"

"ಹೌದು."

"ಅದರ ಮೇಲೆ ಅಂಟು?"

ಪ್ರಶ್ನೆಗಳನ್ನು ಆ ಕ್ರಮದಲ್ಲಿ ಕೇಳಿದಾಗ ಉತ್ತರ ನನಗೇ ಕೇಳಿಸಿತು. ಆದರೂ ಮಾನ ಬಿಡಲಿಲ್ಲ. "ಪುಸ್ತಿಕೆಯಲ್ಲಿ ಎಣ್ಣೆ ಹಚ್ಚಬಾರದು ಅಂತ ಎಲ್ಲೂ ಬರೆದಿಲ್ಲ" ಎಂದೆ. "ಕ್ಲೀನ್, ಡ್ರೈ ಸ್ಕಿನ್ ಅಂತ ಮಾತ್ರ ಇದೆ."

"ಡ್ರೈ ಅಂದ್ರೆ ಎಂತ ಟೀಚರ್?" ಎಂದು ನಾಗವೇಣಿ ಕೇಳಿದಳು. ಚೇಷ್ಟೆಯಿಂದಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲವೇನೋ.

"ಒಣಗಿದ್ದು" ಎಂದೆ. ಅಷ್ಟು ಸಣ್ಣ ಧ್ವನಿಯಲ್ಲಿ ನಾನು ಯಾವ ಕ್ಲಾಸಿನಲ್ಲೂ ಉತ್ತರ ಹೇಳಿರಲಿಲ್ಲ.

ಸಮುದ್ರದ ದಂಡೆಯಲ್ಲಿ ಹುಟ್ಟಿದ ನಮಗೆ ತೆಂಗಿನೆಣ್ಣೆ ಒದ್ದೆಯೂ ಅಲ್ಲ, ಕೊಳೆಯೂ ಅಲ್ಲ. ಅದು ಚರ್ಮದ್ದೇ ಒಂದು ಭಾಗ. ಎಣ್ಣೆ ಹಚ್ಚಿದ ಮೇಲೇ ನಾವು ಕ್ಲೀನ್! ಗೆರೆ ಎಳೆದ ವಾಕ್ಯದ ಮೇಲೆ ನಾನು ಹತ್ತು ತಿಂಗಳು ಎಣ್ಣೆ ಸುರಿದಿದ್ದೆ.

"ಅಮ್ಮ ಹೇಳಿದ್ದು ತಪ್ಪಲ್ಲ" ಎಂದಳು ನಾಗವೇಣಿ. "ಆಗ ಚೀಲ ಇರಲಿಲ್ಲ, ಅಷ್ಟೇ."

ಸೋಪಿನಿಂದ ಎಣ್ಣೆ ತೆಗೆದು, ಬರೀ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸಿದಳು. ಆಮೇಲೆ ನನ್ನನ್ನು ಮಲಗಿಸಲಿಲ್ಲ. "ಕೂತ್ಕೊಳ್ಳಿ. ಈಗ ಬಗ್ಗಿ, ಎಲೆಯಿಂದ ಅನ್ನ ತೆಗೆದ ಹಾಂಗೆ" ಎಂದಳು. ಮಡಿಕೆ ಎಲ್ಲಿಂದ ಎಲ್ಲಿಯವರೆಗೆ ಬೀಳುತ್ತದೆ ಎಂದು ಪೆನ್ನಿನಿಂದ ಎರಡು ಚುಕ್ಕೆ ಇಟ್ಟಳು. ಯಜಮಾನರ ಕೈಚೀಲದ ಸಾಮಾನು ಬಾಗಿಲ ಸಂದಿಯಿಂದ ಒಳಗೆ ಬಂತು. ಒಂದು ಬಿಲ್ಲೆಯ ಅಂಚಿನಿಂದ ಅಂಟಿನ ಸಣ್ಣ ಪಟ್ಟಿಗಳನ್ನು ಕತ್ತರಿಸಿದಳು. ಬಿಲ್ಲೆಗೆ ತೂತು ಮಾಡುವಾಗ ಉಳಿಯುವ ಇದೇ ಚೂರುಗಳನ್ನು ನಾನು ದಿನವೂ ಕಸಕ್ಕೆ ಎಸೆಯುತ್ತಿದ್ದೆ! ಪಟ್ಟಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ, ಹಳ್ಳದೊಳಗೆ ಒಂದರ ಮೇಲೊಂದು ಕೂರಿಸಿ ಸುತ್ತಲಿನ ಮಟ್ಟಕ್ಕೆ ತಂದಳು. ಅದರ ಮೇಲೆ ಇನ್ನೊಂದು ಬಿಲ್ಲೆಯಿಟ್ಟು, ಅಂಗೈ ಒತ್ತಿ ಹಿಡಿದು ಕೂತಳು.

"ಮೊದಲು ಹಳ್ಳ ತುಂಬ್ಬೇಕು, ಆಮೇಲೆ ಚೀಲ" ಎಂದಳು.

"ನಾನೂ ಇದನ್ನೇ ಹೇಳಿದ್ದು! ಟಾರ್ಚು ಹಿಡಿದ ದಿನವೇ!" ಎಂದು ಬಾಗಿಲ ಹೊರಗಿನಿಂದ ರಸ್ತೆ ಕೆಲಸದ ಗಂಟಲು ಕೇಳಿತು.

"ಹತ್ತಿ ತುಂಬಿಸಿದವರು ಯಾರು?" ಎಂದೆ ನಾನು.

ಹೊರಗಿನ ಹೆಜ್ಜೆ ಚಪ್ಪರದ ಕಡೆ ನಡೆದುಹೋಯಿತು. ಹಲ್ಲೂ ಟಕ್ ಎನ್ನಲಿಲ್ಲ.

ನಾಗವೇಣಿ ಅಂಗೈ ತೆಗೆಯಲೇ ಇಲ್ಲ. "ಮೈ ಬಿಸಿಗೆ ಅಂಟು ಹಿಡಿಯಬೇಕು. ಐದು ನಿಮಿಷ ಸುಮ್ನಿರಿ" ಎಂದಳು. ಅವಳ ಅಂಗೈ ಇದ್ದದ್ದು ಸರಿಯಾಗಿ ಆ ಹಳೇ ಹೊಲಿಗೆಯ ಮೇಲೆ. ಅಲ್ಲಿ ನನ್ನದಲ್ಲದ ಕೈ ಬಿದ್ದು ಎಷ್ಟು ಕಾಲವಾಗಿತ್ತು! ಅಷ್ಟರಲ್ಲಿ ರುಕ್ಮಿಣಿ ಓಡಿಬಂದಳು.

"ಬಾಯಿ, ಬೇಗ ಬನ್ನಿ! ಪಂಕ್ತಿ ಎದ್ದಿಲ್ಲ!"

"ಎಂತಕ್ಕೆ?"

"ನಮ್ಮ ಹುಡುಗಿ ಏಳೂದಿಲ್ಲ ಅಂತ ಕೂತಿದೆ. ಟೀಚರ್ ಬಂದು ಮಜ್ಜಿಗೆ ಕುಡಿಯದೆ ಊಟ ಮುಗೀಲಿಲ್ಲ ಅಂತದೆ. ಮದುಮಗಳು ಏಳದೆ ಬೇರೆಯವ್ರು ಹ್ಯಾಂಗೆ ಏಳೂದು? ಬೀಗರ ಕೈಯೆಲ್ಲ ಒಣಗಿ ಹಪ್ಪಳ ಆಗಿದೆ!"

ರುಕ್ಮಿಣಿಯ ಒಂದು ನೂಲಿನ ಸೀರೆ ಸುತ್ತಿಕೊಂಡು ಹೊರಗೆ ಬಂದೆ. ಅರವತ್ತು ಜನ ಎಂಜಲು ಕೈಗಳನ್ನು ಎಲೆಯ ಮೇಲೆ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಯಾವುದನ್ನು ತಪ್ಪಿಸಲು ಹತ್ತು ತಿಂಗಳು ಕೋಣೆ ಸೇರಿದ್ದೆನೋ, ಸರಿಯಾಗಿ ಅದೇ! ಶಾರದೆ ಮಾತ್ರ ನಗುತ್ತಿದ್ದಳು.

ಅವಳ ಪಕ್ಕ ಹೋಗಿ, ಚಾಪೆಯ ಮೇಲೆ, ಕಾಲು ಮಡಿಚಿ ಕೂತೆ. ಉಸಿರು ಬಿಗಿಹಿಡಿದು ಬಗ್ಗಿದೆ. ಕಾದೆ. ಏನೂ ಜಾರಲಿಲ್ಲ. ರುಕ್ಮಿಣಿ ಬಗ್ಗಿ ಮಜ್ಜಿಗೆ ಬಡಿಸಿದಳು, ಈ ಸಲ ಎಲೆಗೆ. ಕೈಯಲ್ಲಿ ಸುರಿದುಕೊಂಡು, ಸೊರ್ ಎಂದು ಶಬ್ದ ಮಾಡುತ್ತ, ಕಾನ್ವೆಂಟಿಗೆ ಅಪಮಾನವಾಗುವ ಹಾಗೆ ಕುಡಿದೆ. ಒಂದು ಹನಿ ಗಲ್ಲದಿಂದ ಇಳಿಯಿತು. ಇಳಿಯಲಿ ಎಂದು ಬಿಟ್ಟೆ. ಇಡೀ ಪಂಕ್ತಿ ಜೈಲಿನಿಂದ ಬಿಟ್ಟವರ ಹಾಗೆ ಎದ್ದು ಕೈತೊಳೆಯಲು ಓಡಿತು.

ಆವತ್ತಿನಿಂದ ನನ್ನ ಬಿಲ್ಲೆ ಮೂರು ಮೂರು ದಿನ ಅಲ್ಲಾಡದೆ ನಿಲ್ಲುತ್ತದೆ. ಹೊಳನಗದ್ದೆಯ ಮದುವೆಗೂ ಹೋಗಿದ್ದೇನೆ, ಕುಮಟೆಯ ಉಪನಯನಕ್ಕೂ ಹೋಗಿದ್ದೇನೆ, ಎಲ್ಲ ಕಡೆ ಪಂಕ್ತಿಯಲ್ಲೇ ಕೂತಿದ್ದೇನೆ. ಪುಸ್ತಿಕೆಯ ಅಂಚಿನಲ್ಲಿ, ನಾನು ಸರಿಮಾಡಿದ ಕಾಮಾದ ಪಕ್ಕ, "ನೋ ಆಯಿಲ್" ಎಂದು ದೊಡ್ಡದಾಗಿ ಬರೆದಿದ್ದೇನೆ. ಗುಟ್ಟು ಮಾತ್ರ ಎಲ್ಲೂ ಹೊರಬಿದ್ದಿಲ್ಲ. ರುಕ್ಮಿಣಿಯ ಬಾಯಿ ಅವಳ ಗಂಡನ ದೋಣಿಗಿಂತ ಭದ್ರ. ಚೀಲದ ವಿಷಯ ಕೇರಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ನಾನೇ ಈಗ ಬರೆದಿಡುವವರೆಗೆ.

ಊರಿಗೆ ಗೊತ್ತಿರುವುದು ಒಂದೇ. ಕಾನ್ವೆಂಟಿನಲ್ಲಿ ಓದಿದ, ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷಿನ ಜೊತೆ ಟೇಬಲ್ ಮ್ಯಾನರ್ಸ್ ಕಲಿಸಿದ ಟೀಚರ್ ಬಾಯಿಗೆ ನೆಟ್ಟಗೆ ಕೂತು ಉಣ್ಣಲು ಬರುವುದಿಲ್ಲ. ನಾನು ಈಗ ಯಾವ ಪಂಕ್ತಿಯಲ್ಲಿ ಕೂತರೂ, ಮಜ್ಜಿಗೆ ಬಡಿಸುವವರು ನನ್ನ ಎಲೆಯ ಹತ್ತಿರ ಬರುವಾಗ ಚೊಂಬನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.